ಶೆಡ್ಡು ಕೆಡವುವ ಮುನ್ನ

ನಗರಸಭೆ ಇರುವ ಊರಿನಲ್ಲೆಲ್ಲ ಅದಕ್ಕೆ ಸೇರಿದ ಒಂದು ತಗಡಿನ ಶೆಡ್ಡೂ ಇರುತ್ತದೆ. ಕಚೇರಿಯ ಹಿತ್ತಲಲ್ಲೋ, ಹಳೆಯ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲೋ, ಊರಾಚೆ ಸ್ಮಶಾನದ ಕಾಂಪೌಂಡಿಗೆ ಒತ್ತಿಕೊಂಡೋ. ಜನರ ಬಾಯಲ್ಲಿ ಅದು ಕಸದ ಗಾಡಿ ನಿಲ್ಲೋ ಜಾಗ. ಒಳಗೆ ಇಣುಕಿದರೆ ಇಡೀ ಊರಿನ ಸಂಸಾರ ಅಲ್ಲೇ ಇರುತ್ತದೆ: ಆಟೊ ಟಿಪ್ಪರು, ಕಾಂಪ್ಯಾಕ್ಟರು, ಒಳಚರಂಡಿ ಕಟ್ಟಿಕೊಂಡರೆ ಓಡುವ ಜೆಟ್ಟಿಂಗ್ ಯಂತ್ರ, ಬೀದಿದೀಪದವರ ಏಣಿ ಗಾಡಿ, ನೀರುಗಂಟಿಗಳ ವಾಲ್ವು-ಪೈಪುಗಳು, ಬ್ಲೀಚಿಂಗ್ ಪೌಡರಿನ ಚೀಲ, ಯಾವುದೋ ಚುನಾವಣೆಗೆ ಇಳಿಸಿದ ಫ್ಲೆಕ್ಸಿನ ರಾಶಿ. ಊರು ಹಾಸಿಗೆ ಬಿಟ್ಟೇಳುವ ಮುಂಚೆ ಇಲ್ಲಿ ಹಾಜರಿ ಆಗಿರುತ್ತದೆ.

ಶೆಡ್ಡಿಗೆ ಮೂವತ್ತು ನಲವತ್ತು ವರ್ಷ ಆಗುತ್ತಿದ್ದಂತೆ ಒಂದು ಪ್ರಸ್ತಾವ ಏಳುತ್ತದೆ. ಮಳೆಗಾಲದಲ್ಲಿ ಸೋರುತ್ತದೆ, ತಗಡು ತುಕ್ಕು ಹಿಡಿದಿದೆ, ಹೊಸ ಗಾಡಿ ಒಳಗೆ ಹೋಗುವುದಿಲ್ಲ. ಕೆಡವಿ ಹೊಸದು ಕಟ್ಟೋಣ. ಸಾಮಾನ್ಯ ಸಭೆಯಲ್ಲಿ ಇದಕ್ಕೆ ವಿರೋಧ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಇಂಥ ಶೆಡ್ಡುಗಳಲ್ಲಿ ಕೆಟ್ಟಿರುವುದು ಬಹುಮಟ್ಟಿಗೆ ಮೇಲಿನ ಹೊದಿಕೆ, ಕೆಳಗಿನ ನೆಲ. ನಡುವೆ ನಿಂತಿರುವ ಕಬ್ಬಿಣದ ಚೌಕಟ್ಟಿಗೆ ಇನ್ನೂ ಒಂದು ತಲೆಮಾರಿನ ಆಯಸ್ಸು ಇರುತ್ತದೆ. ಒಂದು ಟನ್ ಹೊಸ ಉಕ್ಕು ತಯಾರಾಗುವಾಗ ಹತ್ತಿರಹತ್ತಿರ ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪರಿಸರದ ಮಾತು ಹಾಗಿರಲಿ, ನಿಂತ ಕಂಬವನ್ನು ಗುಜರಿ ದರಕ್ಕೆ ಹರಾಜು ಹಾಕಿ ಅದೇ ಜಾಗದಲ್ಲಿ ಹೊಸ ಕಂಬ ನೆಡುವುದು ಲೆಕ್ಕದಲ್ಲೇ ಕೂರುವುದಿಲ್ಲ.

ಆದರೆ ಉಳಿಸಿಕೊಳ್ಳುವುದೆಂದರೆ ಬಣ್ಣ ಬಳಿಯುವುದಲ್ಲ. ಮೊದಲು ಶೆಡ್ಡು ಯಾವ ಜಾತಿಯದು ಎಂದು ನೋಡಬೇಕು. ಎಪ್ಪತ್ತು, ಎಂಬತ್ತರ ದಶಕದವು ಹೆಚ್ಚಾಗಿ ಆ್ಯಂಗಲ್ ಟ್ರಸ್ಸಿನವು. ಆಗಿನ ಉಕ್ಕು ಐಎಸ್ 226 ದರ್ಜೆಯದು. ಆ ಮಾನದಂಡ ಈಗ ಐಎಸ್ 2062ರಲ್ಲಿ ಸೇರಿಹೋಗಿದೆ. ಅದರ ಬಲ 250 ಮೆಗಾಪ್ಯಾಸ್ಕಲ್ ಆಸುಪಾಸು, ಇಂದಿನ ಫ್ಯಾಕ್ಟರಿ ಶೆಡ್ಡುಗಳದ್ದು 345ರ ಮೇಲೆ. ಕೇಳಿದರೆ ಹಳೆಯದು ದುರ್ಬಲ ಅನ್ನಿಸುತ್ತದೆ. ನಿಜ ಹಾಗಿಲ್ಲ. ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತಿದ್ದ ಎಂಜಿನಿಯರು ಅನುಮಾನ ಬಂದಲ್ಲೆಲ್ಲ ಒಂದು ಸೈಜು ದಪ್ಪದ್ದನ್ನೇ ಬರೆಯುತ್ತಿದ್ದ. ಈಚಿನ ಪಿಇಬಿ, ಅಂದರೆ ಫ್ಯಾಕ್ಟರಿಯಲ್ಲೇ ತಯಾರಿಸಿ ತಂದು ಜೋಡಿಸುವ ಶೆಡ್ಡುಗಳನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬಲ ಬೇಕಾದಲ್ಲಿ ಅಗಲ, ಬೇಡದಲ್ಲಿ ಸಪೂರ. ಒಂದು ಕಿಲೊ ಹೆಚ್ಚಿಲ್ಲ. ಹಳೆಯದು ದಡ್ಡ ಆದರೆ ಉದಾರಿ, ಹೊಸದು ಜಾಣ ಆದರೆ ಜಿಪುಣ. ಆದ್ದರಿಂದ ಪಿಇಬಿ ತೊಲೆಗೆ ಎಂಜಿನ್ ಎತ್ತುವ ಚೈನ್ ಬ್ಲಾಕ್ ನೇತುಹಾಕುವ ಮುಂಚೆ ಎರಡು ಸಲ ಯೋಚಿಸಬೇಕು.

ನಕ್ಷೆ ಕಡತದಲ್ಲಿ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಟೇಪು, ವರ್ನಿಯರ್, ಬಣ್ಣದ ಮೇಲಿಂದಲೇ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜು ಹಿಡಿದು ಒಂದೊಂದು ಕಂಬವನ್ನೂ ಮುಟ್ಟಿ ನೋಡಬೇಕು. ಹೀಗೆ ನೋಡುವಾಗ ಬೆಳಕಿಗೆ ಬರುವುದು ಕಟ್ಟಿದವರ ತಪ್ಪಿಗಿಂತ ಆಮೇಲೆ ಬಳಸಿದವರ ಕೈಚಳಕವೇ ಹೆಚ್ಚು. ಬಯಲುಸೀಮೆಯ ಒಂದು ಯಾರ್ಡಿನಲ್ಲಿ ಹೀಗೊಂದು ಪರಿಶೀಲನೆ ನಡೆದಾಗ ನಾನೂ ಜೊತೆಗಿದ್ದೆ. ಪಕ್ಕದ ಗೋಡೆಯ ಎರಡು ಕಂಬಗಳ ನಡುವೆ ಇರಬೇಕಾದ ಕತ್ತರಿಯಾಕಾರದ ಬ್ರೇಸಿಂಗ್ ಸರಳು ಇರಲಿಲ್ಲ. ಗ್ಯಾಸ್ ಕಟರಿನಲ್ಲಿ ಕತ್ತರಿಸಿದ ಮೋಟು ಮಾತ್ರ ಕಂಬಕ್ಕಂಟಿಕೊಂಡಿತ್ತು.

“ಇದನ್ನ ಯಾರು ಮೇಸ್ತ್ರಿ ತೆಗೆಸಿದ್ದು?” ಎಂದು ಜೂನಿಯರ್ ಎಂಜಿನಿಯರ್ (ಜೆಇ) ಕೇಳಿದರು.

“ಜೆಟ್ಟಿಂಗ್ ಗಾಡಿ ಬಂದಾಗ ಅಡ್ಡ ಆಯ್ತು ಸಾರ್. ಆವಾಗ ಇದ್ದೋರು ತೆಗೆಸಿದ್ರು. ಎಷ್ಟೋ ವರ್ಷ ಆಯ್ತಲ್ಲ, ಏನೂ ಆಗಿಲ್ಲ.”

“ಆಗಿಲ್ಲ ಅಂದ್ರೆ, ಗಾಳಿಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ.”

ಹುಡುಗ ಜೆಇ ನಗಿಸಲಿಕ್ಕೆ ಹೇಳಿದ್ದಲ್ಲ. ಬ್ರೇಸಿಂಗ್ ಭಾರ ಹೊರುವುದಿಲ್ಲ. ಅದು ಇಡೀ ಶೆಡ್ಡು ಉದ್ದಕ್ಕೆ ವಾಲದಂತೆ ಹಿಡಿದಿರುತ್ತದೆ. ಅದಿಲ್ಲದ ಶೆಡ್ಡು, ಅಡ್ಡಪಟ್ಟಿ ಕಿತ್ತ ಹಳೆಯ ಮಂಚದ ಹಾಗೆ, ಯಾರೂ ತಳ್ಳದಿರುವವರೆಗೆ ನೆಟ್ಟಗೆ ನಿಂತಿರುತ್ತದೆ. ತಳ್ಳುವುದು ಗಾಳಿಯ ಕೆಲಸ. ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರು, ಮೈಸೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವ್ಯತ್ಯಾಸ ಆರೇ ಮೀಟರ್, ಆದರೆ ಒತ್ತಡ ಏರುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಹೊಂದಾಣಿಕೆಗಳನ್ನೆಲ್ಲ ಬಿಟ್ಟು ಬರೀ ಮೂಲ ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 66 ಕಿಲೊ, ಮಂಗಳೂರಿನಲ್ಲಿ 93. ಅರ್ಧ ಮಿಲಿಮೀಟರ್ ತಗಡಿನ ತೂಕ ಚದರ ಮೀಟರಿಗೆ ಐದು ಕಿಲೊ ದಾಟುವುದಿಲ್ಲ. ಅಂದರೆ ಮಾಡು ತನ್ನ ತೂಕದಿಂದ ಕೂತಿರುವುದಲ್ಲ, ಸ್ಕ್ರೂಗಳು ಹಿಡಿದುಕೊಂಡಿರುವುದರಿಂದ ಹಾರಿಹೋಗದೆ ಉಳಿದಿದೆ. ಒಂದು ಕಡೆ ಪೂರ್ತಿ ತೆರೆದ ಶೆಡ್ಡಿಗೆ ಇನ್ನೂ ಕಷ್ಟ. ನುಗ್ಗಿದ ಗಾಳಿ ಒಳಗಿನಿಂದಲೂ ಮಾಡನ್ನು ಮೇಲಕ್ಕೊತ್ತುತ್ತದೆ. ಮೇ ತಿಂಗಳ ಬಿರುಗಾಳಿ ಮಳೆಗೆ ಶೀಟು ಹಾರಿದ ಸುದ್ದಿ ಪ್ರತಿವರ್ಷ ಓದುತ್ತೇವಲ್ಲ, ಅದರ ಒಳಗುಟ್ಟು ಇದು.

ಕಂಬದ ಬುಡದ್ದು ಬೇರೆಯೇ ಕಥೆ. ಅದರ ಆರಂಭ ಶೆಡ್ಡಿನ ಹೊರಗೆ. ನಮ್ಮ ಊರುಗಳಲ್ಲಿ ರಸ್ತೆಗೆ ಡಾಂಬರು ಹಾಕುವಾಗ ಹಳೆಯ ಪದರ ಕೆರೆದು ತೆಗೆಯುವ ರೂಢಿ ಕಡಿಮೆ. ಹಾಕಿದ್ದರ ಮೇಲೇ ಹಾಕುತ್ತ ಹೋಗುತ್ತಾರೆ. ರಸ್ತೆ ಏರುತ್ತದೆ, ಶೆಡ್ಡಿನ ನೆಲ ತಗ್ಗಾಗುತ್ತದೆ, ಮಳೆನೀರು ಒಳಗೆ ಬರುತ್ತದೆ. ಆಗ ನೆಲಕ್ಕೂ ಮೇಲೊಂದು ಕಾಂಕ್ರೀಟ್ ಹಾಕುತ್ತಾರೆ. ಮೊದಲು ನೆಲದ ಮೇಲೆ ಕಾಣುತ್ತಿದ್ದ ಬೇಸ್ ಪ್ಲೇಟು, ನಟ್ಟು, ಬೋಲ್ಟು ಎಲ್ಲ ಅದರಡಿ ಹೂತುಹೋಗುತ್ತವೆ. ಕಬ್ಬಿಣ ಕೊಳೆಯುವುದು ಕಾಂಕ್ರೀಟಿನ ಒಳಗೂ ಅಲ್ಲ, ಮೇಲಿನ ಗಾಳಿಯಲ್ಲೂ ಅಲ್ಲ. ಎರಡೂ ಸೇರುವ ಆ ಒಂದು ಗೆರೆಯಲ್ಲಿ. ನೀರು ನಿಲ್ಲುವುದು ಅಲ್ಲೇ, ಕಸದ ಗಾಡಿಯಿಂದ ಸೋರಿದ ಹುಳಿನೀರು ಮುಟ್ಟುವುದೂ ಅಲ್ಲೇ. ಹತ್ತಿರದಲ್ಲಿ ಬ್ಲೀಚಿಂಗ್ ಪೌಡರ್ ಚೀಲ ಪೇರಿಸಿದ್ದರಂತೂ ಮುಗಿಯಿತು, ಅದರಿಂದ ಏಳುವ ಕ್ಲೋರಿನ್ ಕಬ್ಬಿಣಕ್ಕೆ ಹುಟ್ಟಾ ವೈರಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪದರ ಪದರವಾಗಿ ಬಿಡುತ್ತದೆ. ಗೇಣುದ್ದದ ಈ ಭಾಗವನ್ನು ನೋಡಿ ಇಡೀ ಕಂಬವೇ ಹೋಯಿತು ಎಂದು ಬರೆದುಬಿಡುವವರಿದ್ದಾರೆ. ಮಾಡಬೇಕಾದದ್ದು ಇಷ್ಟೆ: ಚೌಕಟ್ಟಿಗೆ ಊರೆ ಕೊಟ್ಟು, ಕಾಂಕ್ರೀಟ್ ಒಡೆದು, ಕೊಳೆತದ್ದನ್ನು ಕತ್ತರಿಸಿ ಹೊಸ ಪ್ಲೇಟು ಬೆಸೆದು, ಬುಡದ ಸುತ್ತ ಮೊಳದೆತ್ತರದ ಕಾಂಕ್ರೀಟ್ ಕಟ್ಟೆ ಕಟ್ಟುವುದು. ಕಟ್ಟೆಯ ತಲೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ನೀರು ಅಲ್ಲಿ ನಿಂತು ಅದೇ ರೋಗ ಒಂದು ಮೊಳ ಮೇಲೆ ಶುರುವಾಗುತ್ತದೆ.

ಮಾಡಿನ ವಿಷಯಕ್ಕೆ ಬಂದರೆ, ಹಳೆಯ ಶೆಡ್ಡುಗಳ ಮೇಲೆ ತಗಡಿಗೆ ಬದಲು ಸಿಮೆಂಟ್ ಶೀಟು ಇರುವುದೂ ಉಂಟು. ಅದರಲ್ಲಿರುವುದು ಆ್ಯಸ್‌ಬೆಸ್ಟಾಸ್. ಬಿಳಿ ಬಗೆಯದೂ ಸೇರಿದಂತೆ ಎಲ್ಲ ಆ್ಯಸ್‌ಬೆಸ್ಟಾಸೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಕಾಲವಾಯಿತು. ನಮ್ಮಲ್ಲಿ ಶೀಟಿನ ಮಾರಾಟ ನಿಂತಿಲ್ಲ. ಸುಮ್ಮನೆ ಮೇಲಿದ್ದಾಗ ಅದರ ಅಪಾಯ ಕಡಿಮೆ. ಕೂಲಿಯವರು ಮೇಲೆ ಹತ್ತಿ ಸುತ್ತಿಗೆಯಿಂದ ಒಡೆದು ಕೆಳಗೆ ಬೀಳಿಸಿದಾಗ ಏಳುವ ದೂಳಿನಲ್ಲಿ ಅದರ ಎಳೆಗಳಿರುತ್ತವೆ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಗಿಸಬೇಕು. ಟೆಂಡರಿನಲ್ಲಿ ಇದಕ್ಕೆ ಬೇರೆಯೇ ಸಾಲು, ಬೇರೆಯೇ ದರ ಇರಬೇಕು. ಇಲ್ಲದಿದ್ದರೆ ಒಡೆದೇ ಇಳಿಸುತ್ತಾರೆ.

ಹೊಸ ಹೊದಿಕೆಗೆ ಈಗ ಹೆಚ್ಚು ಚಾಲ್ತಿಯಲ್ಲಿರುವುದು ಗ್ಯಾಲ್ವಲ್ಯೂಮ್: ಅದರ ಲೇಪದಲ್ಲಿ 55 ಪಾಲು ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ಬಿಳಿ ಬಣ್ಣದ್ದೇ ತರಿಸಿ. ನೀಲಿ ಶೀಟು ಫೋಟೊದಲ್ಲಿ ಚೆಂದ ಕಾಣುತ್ತದೆ, ಏಪ್ರಿಲ್ ಮಧ್ಯಾಹ್ನ ಅದರಡಿ ಟೈರು ಬಿಚ್ಚುವವನನ್ನು ಕೇಳಿ ನೋಡಿ. ಮೇಲೆ ಗಿರಗಿರ ತಿರುಗುವ ಟರ್ಬೊ ವೆಂಟಿಲೇಟರುಗಳ ಬಗ್ಗೆ ನನಗೆ ಅಷ್ಟೇನೂ ಭಕ್ತಿಯಿಲ್ಲ. ಕೆಳಗಿನಿಂದ ಗಾಳಿ ಒಳಬರಲು ಜಾಗವಿಲ್ಲದಿದ್ದರೆ ಅವು ತಿರುಗಿದರೂ ಒಂದೇ, ನಿಂತರೂ ಒಂದೇ. ನೆತ್ತಿಯುದ್ದಕ್ಕೂ ತೆರೆದ ರಿಡ್ಜ್ ವೆಂಟ್, ಗೋಡೆಯ ಬುಡದಲ್ಲಿ ಲೂವರ್, ಇಷ್ಟಿದ್ದರೆ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ.

ಆ ರಿಡ್ಜ್ ವೆಂಟಿಗೆ ಇನ್ನೊಂದು ಕೆಲಸವೂ ಇದೆ, ಇದನ್ನು ಅಂದಾಜುಪಟ್ಟಿ ಬರೆಯುವವರು ಮರೆಯುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಪಿಟ್ಟಿನೊಳಗೆ ಅದು ಇಳಿದು ಕೂರುತ್ತದೆ. ಮೆಕ್ಯಾನಿಕ್ ಇಳಿಯುವುದೂ ಅದರೊಳಕ್ಕೇ, ಕೈಯಲ್ಲಿ ವೈರು ಕಿತ್ತ ಹ್ಯಾಂಡ್‌ಲ್ಯಾಂಪ್ ಹಿಡಿದು. ಹಾಗಾಗಿ ಪಿಟ್ಟಿನ ತಳದ ಗಾಳಿಯನ್ನು ಹೊರಕ್ಕೆಳೆಯುವ ವ್ಯವಸ್ಥೆ ಬೇಕು. ಸಿಎನ್‌ಜಿ ಇದಕ್ಕೆ ತದ್ವಿರುದ್ಧ. ಅದು ಗಾಳಿಗಿಂತ ಹಗುರ, ಸೋರಿದ್ದು ನೇರ ನೆತ್ತಿಗೆ ಹೋಗಿ ಮುಚ್ಚಿದ ಮಾಡಿನಡಿ ಸಂಗ್ರಹವಾಗುತ್ತದೆ. ಟ್ಯೂಬ್‌ಲೈಟು, ಅದರ ಸ್ವಿಚ್ಚು, ಸಡಿಲ ವೈರು ಇರುವುದೂ ಅಲ್ಲಿಯೇ. ಹೊಸದಾಗಿ ಸಿಎನ್‌ಜಿ ಟಿಪ್ಪರ್ ಕೊಳ್ಳುವ ಸಂಸ್ಥೆ ಹಳೆಯ ಡೀಸೆಲ್ ಶೆಡ್ಡಿನಲ್ಲೇ ಅದನ್ನು ನಿಲ್ಲಿಸಿ ರಿಪೇರಿ ಮಾಡಿದರೆ ಅಪಾಯ ನೆಲದಿಂದ ಮಾಡಿಗೆ ವರ್ಗವಾಗಿರುತ್ತದೆ, ಅಷ್ಟೆ.

ನೆಲಕ್ಕೆ ಹಣ ಸುರಿಯಲು ಹಿಂಜರಿಯಬಾರದು. ನೂರಕ್ಕೆ ಒಂದರಷ್ಟು ಇಳಿಜಾರು, ಗಾಡಿ ತೊಳೆಯುವ ಜಾಗಕ್ಕೆ ಬೇರೆ ಕಟ್ಟೆ, ಅಲ್ಲಿಂದ ಹೊರಡುವ ನೀರಿಗೆ ಮೂರು ಗುಂಡಿಯ ಎಣ್ಣೆ ಬಲೆ: ಮೊದಲನೆಯದರಲ್ಲಿ ಮಣ್ಣು ಕೂರುತ್ತದೆ, ಎರಡನೆಯದರಲ್ಲಿ ಎಣ್ಣೆ ತೇಲುತ್ತದೆ, ಮೂರನೆಯದರಿಂದ ನೀರು ಮುಂದೆ ಹೋಗುತ್ತದೆ. ಎಂಜಿನ್ನಿನಿಂದ ತೆಗೆದ ಹಳೆಯ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಚರಂಡಿಗೆ ಬಿಟ್ಟದ್ದಕ್ಕೆ ಖಾಸಗಿ ಗ್ಯಾರೇಜಿನವನಿಗೆ ನೋಟಿಸು ಕೊಡುವ ಸಂಸ್ಥೆಯ ಸ್ವಂತ ಯಾರ್ಡಿನಲ್ಲಿ ಈ ಬಲೆ ಇದೆಯೇ ಎಂದು ಒಮ್ಮೆ ಹೋಗಿ ನೋಡಬಹುದು.

ಹೊಸ ಗಾಡಿ ಒಳಗೆ ಹಿಡಿಸದ ಎತ್ತರದ ಸಮಸ್ಯೆಗೆ ಕಂಬಗಳನ್ನೇ ಜಾಕಿ ಕೊಟ್ಟು ಎತ್ತುವ ಸಾಹಸ ಬೇಡ ಎನ್ನುವುದು ನನ್ನ ಅಭಿಪ್ರಾಯ. ಎತ್ತಬಹುದು, ಆದರೆ ಕಂಬ ಉದ್ದವಾದಷ್ಟೂ ಬುಡದ ಮೇಲೆ ಗಾಳಿಯ ಹೊಡೆತ ಹೆಚ್ಚು. ಟಿಪ್ಪರಿನ ಬಾಡಿ ಎತ್ತಿ ಕೆಲಸ ಮಾಡಲು ಪಕ್ಕದಲ್ಲೇ ಒಂದು ಎತ್ತರದ ಅಂಕಣ ಹೊಸದಾಗಿ ಕಟ್ಟಿ, ಹಳೆಯದನ್ನು ಸಣ್ಣ ಗಾಡಿ, ಸ್ಟೋರು, ಹಾಜರಿ ಕೋಣೆಗೆ ಬಿಡುವುದು ಅಗ್ಗ. ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಸ್ನಾನಕ್ಕೆ ನೀರು ಇವು ನಕ್ಷೆಯ ಮೂಲೆಯಲ್ಲಿ ಕೊನೆಗೆ ತುರುಕುವ ಬಾಬತ್ತು ಆಗಬಾರದು. ಶೆಡ್ಡಿನೊಳಗೆ ಇಟ್ಟಿಗೆ ಗೋಡೆಯ ಪ್ರತ್ಯೇಕ ಕೋಣೆ, ಅದಕ್ಕೆ ತನ್ನದೇ ತಾರಸಿ ಇದ್ದರೆ ತಗಡಿನ ಕಾವೂ ತಟ್ಟುವುದಿಲ್ಲ, ಮಳೆಯ ಸದ್ದೂ ಕಡಿಮೆ.

ಜಾಗ ಸಾಲುವುದಿಲ್ಲ ಎನ್ನುವ ಯಾರ್ಡುಗಳಲ್ಲಿ ಅರ್ಧ ಜಾಗ ತಿಂದಿರುವುದು ಸತ್ತ ಗಾಡಿಗಳು. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ, ಸ್ಥಳೀಯ ಸಂಸ್ಥೆಗಳ ಗಾಡಿಗಳೂ ಇದರಲ್ಲಿ ಸೇರಿವೆ. ಕಡತ ಮುಂದೆ ಹೋಗದೆ ಅವು ಟೈರಿಳಿದು, ಒಳಗೆ ಗಿಡ ಹುಟ್ಟಿ ನಿಂತಿವೆ. ಅವನ್ನು ಸಾಗಹಾಕಿದ ಮೇಲೆ ಎಷ್ಟು ಶೆಡ್ಡು ಬೇಕು ಎಂದು ಅಳೆಯುವುದು ಸರಿ.

ಇಷ್ಟಾದರೂ ಕೆಡವುವ ಪ್ರಸ್ತಾವವೇ ಯಾಕೆ ಗೆಲ್ಲುತ್ತದೆ? ಉತ್ತರ ದರಪಟ್ಟಿಯಲ್ಲಿದೆ. ಕಬ್ಬಿಣದ ಕೆಲಸಕ್ಕೆ ಬಿಲ್ಲು ಆಗುವುದು ತೂಕದ ಮೇಲೆ. ಹೊಸ ಶೆಡ್ಡೆಂದರೆ ಟನ್ನುಗಟ್ಟಲೆ ತೂಕ. ಒಂದು ಬುಡ ಸರಿಪಡಿಸಲು ಊರೆ ಕೊಟ್ಟು, ಒಡೆದು, ಬೆಸೆದು ಇಬ್ಬರು ದಿನಗಟ್ಟಲೆ ದುಡಿದರೂ ಸೇರುವ ಕಬ್ಬಿಣ ಇಪ್ಪತ್ತು ಮೂವತ್ತು ಕಿಲೊ. ಯಾವ ಗುತ್ತಿಗೆದಾರ ಬರುತ್ತಾನೆ? ಶೀಟು ಬಿಚ್ಚಿದ ಮೇಲೆ ಅದರಡಿಯ ಇನ್ನೆರಡು ಅಡ್ಡತೊಲೆ (ಪರ್ಲಿನ್) ಕೊಳೆತದ್ದು ಕಂಡರೆ ಅದು ಎಕ್ಸ್‌ಟ್ರಾ ಐಟಮ್. ಅನುಮೋದನೆಗೆ ಕಡತ ಮೇಲೆ ಹೋಗಬೇಕು, ಆಮೇಲೆ ಆಡಿಟ್ಟಿನವರ ಆಕ್ಷೇಪಣೆಗೆ ಉತ್ತರ ಬರೆಯಬೇಕು. ಇದನ್ನೆಲ್ಲ ಬಲ್ಲ ಎಂಜಿನಿಯರು ಹೊಸದೇ ವಾಸಿ ಎಂದರೆ ಅವರನ್ನು ದೂರುವಂತಿಲ್ಲ. ಪರಿಶೀಲನೆಗೆ ಮೊದಲೇ ಒಂದು ಸಣ್ಣ ಪ್ರತ್ಯೇಕ ಕೆಲಸ ಕೊಟ್ಟು, ಶೀಟು ಅಲ್ಲಲ್ಲಿ ತೆಗೆಸಿ ನೋಡಿ, ದುರಸ್ತಿಯನ್ನು ಕಿಲೊ ಲೆಕ್ಕ ಬಿಟ್ಟು ಕಂಬಕ್ಕಿಷ್ಟು ಎಂದು ಟೆಂಡರಿನಲ್ಲಿ ಬರೆದರೆ ಈ ತೊಡಕಿನ ಮುಕ್ಕಾಲು ಪಾಲು ಬಿಡುತ್ತದೆ.

ಕೆಲಸ ನಡೆಯುವಾಗ ಯಾರ್ಡನ್ನು ಮುಚ್ಚುವಂತಿಲ್ಲ, ಊರಿನ ಕಸ ಒಂದು ದಿನವೂ ಕಾಯುವುದಿಲ್ಲ. ಅನುಕೂಲವೆಂದರೆ ಗಾಡಿಗಳು ನಸುಕಿಗೆ ಹೊರಟರೆ ಮಧ್ಯಾಹ್ನದ ಹೊತ್ತಿಗಷ್ಟೇ ಮರಳುತ್ತವೆ; ಆ ಹೊತ್ತು ವೆಲ್ಡಿಂಗಿನವರದು. ಅರ್ಧ ಶೆಡ್ಡು ಬಿಚ್ಚಿ ಅರ್ಧ ಬಿಟ್ಟು, ಎರಡು ಕಂತಿನಲ್ಲಿ ಮಾಡಬೇಕು. ಆದರೆ ಬಿಚ್ಚಿದ ಅಂಕಣಕ್ಕೆ ತಾತ್ಕಾಲಿಕ ಬ್ರೇಸಿಂಗ್ ಕಟ್ಟದೆ ಸಂಜೆ ಮನೆಗೆ ಹೋಗಬಾರದು, ಏಪ್ರಿಲ್‌ನಲ್ಲಂತೂ ರಾತ್ರಿ ಗಾಳಿಯೇಳುತ್ತದೆ. ಬುಡದ ಕೆಲಸ ಸಂಕ್ರಾಂತಿ ಕಳೆದ ಕೂಡಲೇ ಹಿಡಿದರೆ ಯುಗಾದಿಯ ಹೊತ್ತಿಗೆ ಶೀಟು ಬಿಚ್ಚಬಹುದು. ಮೃಗಶಿರಾ ಮಳೆ ಹುಟ್ಟುವಷ್ಟರಲ್ಲಿ ರಿಡ್ಜು, ದೋಣಿ, ಇಳಿಕೆ ಪೈಪು ಮೂರೂ ಮುಗಿದಿರಬೇಕು. ಒಳಗಿನ ಬಣ್ಣ, ಕೋಣೆಗಳ ಗಾರೆ ಮಳೆಗಾಲದಲ್ಲಿ ನಿಧಾನವಾಗಿ ಆಗುತ್ತವೆ.