ಏರ್ ಇಂಡಿಯಾದ ಪಾಠ: ಉಳಿಸಬೇಕಾದದ್ದು ಸಂಸ್ಥೆಯನ್ನೋ, ಸೇವೆಯನ್ನೋ?

2018ರ ಮೇ 31ರಂದು ಏರ್ ಇಂಡಿಯಾ ಖರೀದಿಗೆ ಆಸಕ್ತಿ ಸೂಚಿಸಲು ಕೇಂದ್ರ ಸರ್ಕಾರವು ನೀಡಿದ್ದ ಗಡುವು ಮುಗಿಯಿತು. ಸಂಸ್ಥೆಯ ಶೇಕಡ 76ರಷ್ಟು ಪಾಲನ್ನು ಮಾರಾಟಕ್ಕೆ ಇಡಲಾಗಿತ್ತು. ಆದರೆ ಒಂದೇ ಒಂದು ಅರ್ಜಿಯೂ ಬರಲಿಲ್ಲ. ಉಳಿದ ಶೇಕಡ 24ರಷ್ಟು ಪಾಲನ್ನು ಸರ್ಕಾರವೇ ಇಟ್ಟುಕೊಳ್ಳಲಿತ್ತು. 33,000 ಕೋಟಿ ರೂಪಾಯಿಗಳಿಗೂ ಮಿಕ್ಕಿದ ಸಾಲ ಮತ್ತು ಹೊಣೆಗಾರಿಕೆ ಕೊಳ್ಳುವವರ ಹೆಗಲೇರಲಿತ್ತು. ಇಂತಹ ಷರತ್ತುಗಳನ್ನು ಒಪ್ಪುವ ವ್ಯಾಪಾರಿ ಸಿಗದಿದ್ದುದರಲ್ಲಿ ಅಚ್ಚರಿಯೇನೂ ಇರಲಿಲ್ಲ.

ನಷ್ಟದಲ್ಲಿರುವ ರಾಷ್ಟ್ರೀಯ ವಿಮಾನ ಸಂಸ್ಥೆಯನ್ನು ಸರ್ಕಾರವು ಉಳಿಸಿಕೊಳ್ಳಬೇಕೇ ಅಥವಾ ಮುಚ್ಚಲು ಬಿಡಬೇಕೇ ಎಂಬ ಚರ್ಚೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಸ್ವಿಟ್ಜರ್ಲೆಂಡಿನ ಸ್ವಿಸ್ಏರ್ ವಿಮಾನಗಳು 2001ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು. ಇಟಲಿಯ ಅಲಿಟಾಲಿಯಾ ಹಲವು ಬಾರಿ ಸರ್ಕಾರದ ನೆರವು ಪಡೆದೂ 2021ರ ಅಕ್ಟೋಬರಿನಲ್ಲಿ ಕೊನೆಯ ಹಾರಾಟ ನಡೆಸಿತು. ಏರ್ ಇಂಡಿಯಾದ ಕಥೆ ಈ ಎರಡಕ್ಕಿಂತ ಭಿನ್ನವಾಗಿ ಮುಕ್ತಾಯವಾದುದರಿಂದ, ಅದನ್ನು ನಮ್ಮ ಉದ್ಯಮಿಗಳು ಲೆಕ್ಕಪುಸ್ತಕದ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವುದು ಉಚಿತ.

ಸೋರುವ ಕೊಡಕ್ಕೆ ನೀರು

1932ರಲ್ಲಿ ಜೆ.ಆರ್.ಡಿ. ಟಾಟಾ ಅವರು ಆರಂಭಿಸಿದ ಈ ಸಂಸ್ಥೆ 1953ರಲ್ಲಿ ರಾಷ್ಟ್ರೀಕರಣಗೊಂಡಿತು. 1994ರಲ್ಲಿ ವಾಯು ನಿಗಮಗಳ ಕಾಯಿದೆ ರದ್ದಾಗಿ ಸರ್ಕಾರಿ ಸಂಸ್ಥೆಗಳ ಏಕಸ್ವಾಮ್ಯ ಕೊನೆಗೊಂಡಿತು. ಪೈಪೋಟಿ ಬಿರುಸಾಗುತ್ತಿದ್ದಾಗಲೇ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ 111 ವಿಮಾನಗಳ ಖರೀದಿಗೆ ಮುಂದಾದವು. ಈ ಖರೀದಿ ಬಹುಪಾಲು ಸಾಲದ ಹಣವನ್ನೇ ನೆಚ್ಚಿದ್ದನ್ನು ಮಹಾಲೇಖಪಾಲರ 2011ರ ವರದಿ ಟೀಕಿಸಿತು. 2007ರಲ್ಲಿ ಎರಡೂ ಸಂಸ್ಥೆಗಳನ್ನು ವಿಲೀನಗೊಳಿಸಲಾಯಿತಾದರೂ ವೇತನ ಮತ್ತು ಬಡ್ತಿಯ ತಾರತಮ್ಯ ಬಗೆಹರಿಯಲಿಲ್ಲ. 2011 ಮತ್ತು 2012ರಲ್ಲಿ ಪೈಲಟ್‌ಗಳ ಮುಷ್ಕರಗಳು ನಡೆದವು.

2012ರಲ್ಲಿ ಸರ್ಕಾರವು ಹಲವು ವರ್ಷಗಳ ಅವಧಿಗೆ ಸುಮಾರು 30,000 ಕೋಟಿ ರೂಪಾಯಿಗಳ ಬಂಡವಾಳ ನೀಡುವ ಪುನಶ್ಚೇತನ ಯೋಜನೆಗೆ ಒಪ್ಪಿಗೆ ನೀಡಿತು. 2009-10ರಿಂದ ಮಾರಾಟದವರೆಗೆ ನಗದು ನೆರವು ಮತ್ತು ಸಾಲದ ಖಾತರಿ ಸೇರಿ ಸರ್ಕಾರದ ಬೆಂಬಲ ಸುಮಾರು 1.10 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಇಷ್ಟಾದರೂ ಮಾರಾಟದ ಹೊತ್ತಿಗೆ ದಿನವೊಂದಕ್ಕೆ ಸುಮಾರು 20 ಕೋಟಿ ರೂಪಾಯಿ ನಷ್ಟವಾಗುತ್ತಿತ್ತು. ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿದರೆ ಆಗುವುದೇ ಇಲ್ಲಿಯೂ ಆಯಿತು.

ಉಳಿಸಬೇಕೆನ್ನುವವರ ವಾದ

ಹಾಗೆಂದು ಉಳಿಸಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. 1990ರಲ್ಲಿ ಕುವೈತ್ ಮೇಲೆ ಇರಾಕ್ ದಾಳಿ ನಡೆಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ತಾಯ್ನಾಡಿಗೆ ಕರೆತಂದ ಕಾರ್ಯದಲ್ಲಿ ಏರ್ ಇಂಡಿಯಾದ್ದೇ ಸಿಂಹಪಾಲು. 2015ರ ಯೆಮೆನ್ ಬಿಕ್ಕಟ್ಟು ಮತ್ತು 2020ರ ಕೋವಿಡ್ ಕಾಲದ ವಂದೇ ಭಾರತ್ ಹಾರಾಟಗಳನ್ನೂ ನೆನೆಯಬೇಕು. ಲಾಭವಿಲ್ಲದ ಊರುಗಳಿಗೆ ಖಾಸಗಿಯವರು ಏಕೆ ಹಾರಿಯಾರು ಎಂಬ ಪ್ರಶ್ನೆಯೂ ಸಹಜವೇ.

ಆದರೆ ಸೇವೆ ಬೇಕೆಂದರೆ ಸಂಸ್ಥೆಯ ಒಡೆತನವೂ ಬೇಕೆಂದಿಲ್ಲ. 2022ರ ಫೆಬ್ರುವರಿ-ಮಾರ್ಚ್‌ನಲ್ಲಿ ಉಕ್ರೇನಿನಿಂದ ವಿದ್ಯಾರ್ಥಿಗಳನ್ನು ಕರೆತರುವಾಗ ಏರ್ ಇಂಡಿಯಾ ಸರ್ಕಾರದ ಕೈಯಲ್ಲಿ ಇರಲಿಲ್ಲ. ಆದರೂ ಅದರ ವಿಮಾನಗಳೂ ಇತರ ಖಾಸಗಿ ಸಂಸ್ಥೆಗಳ ವಿಮಾನಗಳೂ ವಾಯುಪಡೆಯೊಡನೆ ಕೈಜೋಡಿಸಿದವು. ಸಣ್ಣ ಊರುಗಳ ವಿಷಯದಲ್ಲಿ 2016ರಲ್ಲಿ ರೂಪುಗೊಂಡ ಉಡಾನ್ ಯೋಜನೆಯು ಮಾರ್ಗದ ಲೆಕ್ಕದಲ್ಲಿ ಸಹಾಯಧನ ನೀಡುವ ಪದ್ಧತಿಯನ್ನು ತಂದಿತು. ನಮ್ಮ ಬೀದರ್ ವಿಮಾನ ನಿಲ್ದಾಣ ಈ ಯೋಜನೆಯಿಂದಲೇ ನಾಗರಿಕ ಹಾರಾಟ ಕಂಡಿತು. ಇಂತಹ ಮಾರ್ಗಗಳಲ್ಲಿ ಹಾರಾಟ ನಿಂತದ್ದೂ ಉಂಟು, ಮತ್ತೆ ಆರಂಭವಾದದ್ದೂ ಉಂಟು. ಆದರೆ ಬೊಕ್ಕಸದ ಖರ್ಚು ಎಷ್ಟು, ಅದು ಯಾವ ಊರಿಗಾಗಿ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕುಸಿಯಲು ಬಿಟ್ಟರೆ?

ಇನ್ನೊಂದು ತುದಿಯ ವಾದವೆಂದರೆ, ನಷ್ಟದ ಸಂಸ್ಥೆ ತಾನಾಗಿ ಮುಳುಗಲಿ ಎಂಬುದು. ಇದರ ಫಲವೇನೆಂಬುದನ್ನು ಬೆಂಗಳೂರಿನ ವ್ಯಾಪಾರ ಸಮುದಾಯಕ್ಕೆ ವಿವರಿಸಿ ಹೇಳಬೇಕಾಗಿಲ್ಲ. 2005ರಲ್ಲಿ ಹಾರಾಟ ಆರಂಭಿಸಿ, ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡ ಕಿಂಗ್‌ಫಿಷರ್ ಏರ್‌ಲೈನ್ಸ್, 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಅದು ಖಾಸಗಿ ಸಂಸ್ಥೆಯಾಗಿದ್ದರೂ ಸಾಲ ಕೊಟ್ಟವುಗಳಲ್ಲಿ ಬಹುಪಾಲು ಸಾರ್ವಜನಿಕ ವಲಯದ ಬ್ಯಾಂಕುಗಳೇ. ಕುಸಿಯುವ ಮುನ್ನ ಅವು ಸಾಲದ ಒಂದು ಭಾಗವನ್ನು ಷೇರುಗಳನ್ನಾಗಿ ಬದಲಾಯಿಸಿಕೊಂಡು ಸಂಸ್ಥೆಯನ್ನು ಉಳಿಸಲೂ ಯತ್ನಿಸಿದ್ದವು. ಕೊನೆಗೆ ಬಡ್ಡಿ ಸೇರಿ ಬಾಕಿ ಸುಮಾರು 9,000 ಕೋಟಿ ರೂಪಾಯಿಗೆ ಏರಿತು. ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗೆ ಬಿದ್ದರು.

2019ರ ಏಪ್ರಿಲ್‌ನಲ್ಲಿ ನಿಂತ ಜೆಟ್ ಏರ್‌ವೇಸ್ ಸಂಸ್ಥೆಯನ್ನು ಮತ್ತೆ ಹಾರಿಸುವ ಪ್ರಯತ್ನ ಐದು ವರ್ಷ ನಡೆದು, 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಸಮಾಪನೆಗೆ ಆದೇಶಿಸುವುದರೊಂದಿಗೆ ಮುಗಿಯಿತು. ಸಮಾಪನೆಯಲ್ಲಿ ಅಡಮಾನ ಪಡೆದ ಬ್ಯಾಂಕುಗಳಿಗೂ ಕಾರ್ಮಿಕರ ಬಾಕಿಗೂ ಮೊದಲ ಸಾಲಿನ ಸ್ಥಾನವಿದೆ. ಊಟ, ಸಮವಸ್ತ್ರ, ವಾಹನ, ಬಿಡಿಭಾಗ ಒದಗಿಸಿದ ಸಣ್ಣ ಸರಬರಾಜುದಾರರ ಪಾಳಿ ಬಹಳ ಹಿಂದೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆ ಅವರ ಪಾಲಿಗೆ ಅಕ್ಷರಶಃ ನಿಜ.

ಸಂಸ್ಥೆಗಳು ಒಂದೊಂದಾಗಿ ಮರೆಯಾದಂತೆ ಮಾರುಕಟ್ಟೆಯೂ ಸೊರಗುತ್ತದೆ. 2025ರ ಡಿಸೆಂಬರ್ ಆರಂಭದಲ್ಲಿ, ದೇಶೀಯ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದಿದ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದಾಗ, ಬದಲಿ ಆಸನಗಳು ದೊರೆಯದೆ ಪ್ರಯಾಣಿಕರು ಪರದಾಡಿದರು. ಪ್ರಯಾಣಿಕ ವಿಮಾನಗಳ ಒಡಲಲ್ಲಿಯೇ ಸರಕೂ ಸಾಗುವುದರಿಂದ, ಹೂವು, ಹಣ್ಣು, ಸಿದ್ಧ ಉಡುಪುಗಳ ರಫ್ತುದಾರರಿಗೂ ಹಾರಾಟಗಳ ಕೊರತೆಯ ಬಿಸಿ ತಟ್ಟದಿರದು.

ವಿಳಂಬದ ಬೆಲೆ

ಏರ್ ಇಂಡಿಯಾ ವಿಷಯದಲ್ಲಿ ಕೊನೆಗೆ ಹಿಡಿದದ್ದು ನಡುವಿನ ದಾರಿ. 2021ರ ಆಗಸ್ಟ್ ಅಂತ್ಯಕ್ಕೆ ಒಟ್ಟು ಸಾಲ 61,562 ಕೋಟಿ ರೂಪಾಯಿಯಷ್ಟಿತ್ತು. ಟಾಟಾ ಸಮೂಹವು 18,000 ಕೋಟಿ ರೂಪಾಯಿಗಳಿಗೆ ಬಿಡ್ ಸಲ್ಲಿಸಿತು. ಇದರಲ್ಲಿ 15,300 ಕೋಟಿ ಸಾಲದ ಹೊಣೆ. ನಗದು 2,700 ಕೋಟಿ ಮಾತ್ರ. ಉಳಿದ 46,262 ಕೋಟಿ ಸಾಲ ಸರ್ಕಾರದ ಪ್ರತ್ಯೇಕ ಸಂಸ್ಥೆಯೊಂದಕ್ಕೆ, ಅಂದರೆ ತೆರಿಗೆದಾರರ ಹೆಗಲಿಗೆ ಬಿತ್ತು. 2022ರ ಜನವರಿ 27ರಂದು ಹಸ್ತಾಂತರವಾಯಿತು. ಒಂದು ವರ್ಷ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಷರತ್ತಿತ್ತು. ವಿಮಾನಗಳು ಒಂದು ದಿನವೂ ನಿಲ್ಲಲಿಲ್ಲ.

ಇದೇ ವ್ಯವಹಾರ ಇಪ್ಪತ್ತು ವರ್ಷ ಮೊದಲೇ ಕುದುರಬಹುದಿತ್ತು. ಶೇಕಡ 40ರಷ್ಟು ಪಾಲಿನ ಮಾರಾಟಕ್ಕೆ ಸರ್ಕಾರ ಯತ್ನಿಸಿದಾಗ ಟಾಟಾ ಸಮೂಹವೂ ಸಿಂಗಪುರ ಏರ್‌ಲೈನ್ಸ್ ಸಂಸ್ಥೆಯೂ ಜೊತೆಯಾಗಿ ಮುಂದೆ ಬಂದಿದ್ದವು. ರಾಜಕೀಯ ವಿರೋಧದ ನಡುವೆ 2001ರಲ್ಲಿ ಸಿಂಗಪುರ ಏರ್‌ಲೈನ್ಸ್ ಹಿಂದೆ ಸರಿಯಿತು; ಪ್ರಸ್ತಾವ ನೆನೆಗುದಿಗೆ ಬಿತ್ತು. 2024ರ ನವೆಂಬರಿನಲ್ಲಿ ವಿಸ್ತಾರ ಸಂಸ್ಥೆಯು ಏರ್ ಇಂಡಿಯಾದಲ್ಲಿ ವಿಲೀನಗೊಂಡ ಮೇಲೆ ಸಿಂಗಪುರ ಏರ್‌ಲೈನ್ಸ್ ಪಾಲು ಶೇಕಡ 25.1 ಆಯಿತು. ಅಂದು ಬಾಗಿಲಿನಿಂದ ಹಿಂದಿರುಗಿದ ಪಾಲುದಾರರೇ ಇಂದು ಮನೆಯೊಳಗಿದ್ದಾರೆ. ನಡುವಿನ ಎರಡು ದಶಕಗಳ ನಷ್ಟವನ್ನು ಭರಿಸಿದವರು ಮಾತ್ರ ನಾವು.

ಮಾರಾಟವೊಂದೇ ಸರ್ವರೋಗ ಪರಿಹಾರವೆಂದು ಭಾವಿಸುವುದೂ ತಪ್ಪು. ಹೊಸ ಒಡೆಯರು 2023ರಲ್ಲಿ 470 ವಿಮಾನಗಳ ಬೃಹತ್ ಖರೀದಿ ಪ್ರಕಟಿಸಿದರೂ, 2024-25ರಲ್ಲಿಯೂ ಸಂಸ್ಥೆ ನಷ್ಟದಲ್ಲೇ ಇತ್ತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಸಂಭವಿಸಿದ ದುರಂತದಲ್ಲಿ ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ ಅಸುನೀಗಿದರು. ಒಡೆತನ ಬಿಟ್ಟರೂ ಸುರಕ್ಷತೆಯ ಮೇಲ್ವಿಚಾರಣೆಯ ಹೊಣೆಯನ್ನು ಸರ್ಕಾರ ಬಿಡುವಂತಿಲ್ಲ.

ಈ ಅನುಭವದಿಂದ ಮೂರು ಮಾತುಗಳನ್ನು ಹೇಳಬಹುದು. ಸರ್ಕಾರವು ಅಗತ್ಯ ಸೇವೆಗೆ ಹಣ ಕೊಡಲಿ, ಸಂಸ್ಥೆಯ ನಷ್ಟಕ್ಕೆ ಕೊಡುವುದು ಬೇಡ. ಮಾರುವುದಾದರೆ ಸಂಸ್ಥೆಗೆ ಬೆಲೆ ಇರುವಾಗಲೇ ಪೂರ್ತಿಯಾಗಿ ಮಾರಲಿ. ಕುಸಿದ ಸಂಸ್ಥೆಗಳಿಂದ ಬಾಕಿ ಬರಬೇಕಾದ ಸಣ್ಣ ಸರಬರಾಜುದಾರರಿಗೆ ಕಾನೂನಿನಲ್ಲಿ ಇನ್ನೂ ಮುಂದಿನ ಸ್ಥಾನ ದೊರೆಯಲಿ. ಈ ಮೂರನೆಯ ಬೇಡಿಕೆಯನ್ನು ಸರ್ಕಾರದ ಮುಂದಿಡಬೇಕಾದವರು ವಾಣಿಜ್ಯ ಸಂಸ್ಥೆಗಳ ಸದಸ್ಯರಾದ ನಾವೇ. ಅಲ್ಲಿಯವರೆಗೆ, ಬಾಕಿ ಬೆಳೆಯುತ್ತಿರುವ ದೊಡ್ಡ ಗಿರಾಕಿಯ ಹೆಸರು ಎಷ್ಟೇ ಪ್ರತಿಷ್ಠಿತವಾಗಿರಲಿ, ಉದ್ದರಿ ಕೊಡುವ ಮುನ್ನ ನಮ್ಮ ಸದಸ್ಯರು ಒಮ್ಮೆ ಯೋಚಿಸುವುದು ಲೇಸು.