ಮನೆಯ ತಂತಿಗೊಂದು ಕೋಡಿ

ಧಾರವಾಡದ ಕೆಲಗೇರಿಯಲ್ಲಿ ಕೆರೆಯ ಏರಿಯ ಮೇಲೆ ಸಂಜೆ ನಡೆದಾಡಿದವರಿಗೆ ಕೋಡಿಯ ಪ್ರಯೋಜನವನ್ನು ನಾನು ವಿವರಿಸಬೇಕಾದುದಿಲ್ಲ. ಕೋಡಿಯು ಏರಿಯ ನೆತ್ತಿಗಿಂತ ತಗ್ಗಿನಲ್ಲಿರುವುದು. ನೀರು ಮಿತಿಮೀರಿದರೆ ಅಲ್ಲಿಂದ ಹರಿದುಹೋಗಿ ಏರಿಯು ಉಳಿಯುವುದು. ಹೆಚ್ಚು ನೀರು ನಿಲ್ಲಲೆಂದು ಕೋಡಿಯನ್ನು ಏರಿಯ ಮಟ್ಟಕ್ಕೆ ಎತ್ತರಿಸಿದರೆ ಒಡೆಯುವುದು ಏರಿಯೇ. ನಮ್ಮ ಮನೆಗಳ ವಿದ್ಯುತ್ತಿನ ಏರ್ಪಾಟಿನಲ್ಲಿ ಗೋಡೆಯೊಳಗಿನ ತಂತಿಯು ಏರಿ, ಎಂ.ಸಿ.ಬಿ. ಎಂದು ಕರೆಯಲ್ಪಡುವ ಬ್ರೇಕರು ಕೋಡಿ.

ಅದೇ ಊರಿನ ಹಳೆಯ ಮನೆಯೊಂದರಲ್ಲಿ ಹೊಸ ಗೀಸರನ್ನು ಕೂಡಿಸಿದರು. ಗೀಸರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಒಟ್ಟಿಗೆ ಹಚ್ಚಿದಾಗಲೆಲ್ಲ ಬ್ರೇಕರು ಬೀಳುತ್ತಿತ್ತು. 10 ಆಂಪಿಯರಿನದನ್ನು ತೆಗೆಯಿಸಿ 32 ಆಂಪಿಯರಿನದನ್ನು ಹಾಕಿಸಿದರು. ಪೀಡೆ ತೊಲಗಿತೆಂದು ಸಂತೋಷಪಟ್ಟರು. ಕೆಲವು ದಿನಗಳ ತರುವಾಯ ಸುಟ್ಟ ವಾಸನೆ ಬಂದಿತು. ಬಿಚ್ಚಿ ನೋಡಿದರೆ ತಂತಿಯ ಹೊದಿಕೆ ಕರಕಾಗಿತ್ತು.

ಲೆಕ್ಕ ಸುಲಭವಾಗಿದೆ. ಗೀಸರು 3000 ವ್ಯಾಟು, ಇಸ್ತ್ರಿಪೆಟ್ಟಿಗೆ 1000 ವ್ಯಾಟು; ಒಟ್ಟನ್ನು 230 ವೋಲ್ಟಿನಿಂದ ಭಾಗಿಸಿದರೆ 17 ಆಂಪಿಯರಿಗೆ ಮೇಲಾಯಿತು. ತಂತಿಯಾದರೋ ದೀಪಗಳಿಗೆಂದು ಎಳೆದ 1 ಚದರ ಮಿಲಿಮೀಟರಿನದು. ತಂತಿಯಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿ. ಈ ತಂತಿಯ ಒಂದೊಂದು ಮೀಟರೂ 10 ಆಂಪಿಯರಿಗೆ ಎರಡು ವ್ಯಾಟಿನಷ್ಟೂ ಇಲ್ಲದ ಕಾವನ್ನು ಕೊಟ್ಟರೆ, 17ಕ್ಕೆ ಐದು ವ್ಯಾಟನ್ನು ಮೀರುತ್ತದೆ. ಸಾಮಾನ್ಯ ಪಿ.ವಿ.ಸಿ. ಹೊದಿಕೆಯು ದೀರ್ಘಕಾಲ ತಾಳುವುದು 70 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಮಾತ್ರ. 32 ಆಂಪಿಯರಿನ ಬ್ರೇಕರಿಗೆ ಈ ಸಂಕಟ ತಿಳಿಯುವ ಬಗೆಯೇ ಇಲ್ಲ.

ಆದಕಾರಣ ಕ್ರಮವು ಹೀಗಿರಬೇಕು: ಉಪಕರಣ ಬೇಡುವ ಪ್ರವಾಹಕ್ಕಿಂತ ಬ್ರೇಕರಿನ ಅಂಕ ಕಡಿಮೆಯಿರಬಾರದು, ತಂತಿಯ ತಾಳಿಕೆಗಿಂತ ಹೆಚ್ಚಿರಬಾರದು. ತಾಮ್ರದ ತಂತಿಗೆ ಸುರಕ್ಷಿತವಾದ ಜೋಡಿಗಳಿವು: 1 ಚದರ ಮಿಲಿಮೀಟರಿಗೆ 6 ಆಂಪಿಯರು, 1.5ಕ್ಕೆ 10, 2.5ಕ್ಕೆ 16, 4ಕ್ಕೆ 20. ಅಂಕ ದಾಟಿದೊಡನೆ ಬ್ರೇಕರು ಬೀಳುವುದೆಂದು ತಿಳಿಯಬಾರದು. 10 ಆಂಪಿಯರಿನ ಬ್ರೇಕರು ಹದಿನಾಲ್ಕೂವರೆ ಆಂಪಿಯರಿನಲ್ಲಿ ಬೀಳಲು ಒಂದು ಗಂಟೆಯವರೆಗೂ ಹಿಡಿಯಬಹುದು. ಒಂದೇ ಕೊಳವೆಯಲ್ಲಿ ಹಲವು ತಂತಿಗಳಿದ್ದರೆ ಅವುಗಳ ತಾಳಿಕೆ ಇನ್ನೂ ತಗ್ಗುವುದು. ಅಲ್ಯೂಮಿನಿಯಮ್ಮಿನ ಹಳೆಯ ತಂತಿಯದು ಮೊದಲೇ ಕಡಿಮೆ. ಹಳೆಯ ಗೇಜಿನ ಅಂಕವೂ ಮೋಸಗೊಳಿಸೀತು: ಅಲ್ಲಿ ಅಂಕ ಏರಿದಷ್ಟೂ ತಂತಿ ಸಣ್ಣದು.

ಹಿಂದೆ ಪಿಂಗಾಣಿಯ ಫ್ಯೂಸಿಗೆ ದಪ್ಪ ತಂತಿಯನ್ನು ಸುತ್ತಿ ಮಾಡುತ್ತಿದ್ದ ತಪ್ಪನ್ನೇ ಇಂದು ದೊಡ್ಡ ಬ್ರೇಕರನ್ನು ಕೊಂಡು ಮಾಡುತ್ತಿದ್ದೇವೆ. ಗೀಸರಿಗೆ 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ಪ್ರತ್ಯೇಕ ತಂತಿಯನ್ನೂ 16 ಆಂಪಿಯರಿನ ಬ್ರೇಕರನ್ನೂ ಒದಗಿಸುವುದೇ ಸರಿಯಾದ ದಾರಿ. ಬ್ರೇಕರು ಮತ್ತೆ ಮತ್ತೆ ಬಿದ್ದರೆ ಮನೆಗೆ ಬಂದ ಎಲೆಕ್ಟ್ರಿಷಿಯನ್ನರನ್ನು ಮೊದಲು ಒಂದು ಮಾತು ಕೇಳಿರಿ: "ಇಲ್ಲಿಂದ ಮುಂದೆ ಹೋಗಿರುವ ತಂತಿಗಳಲ್ಲಿ ಅತಿ ಸಣ್ಣದು ಯಾವುದು?" ಬ್ರೇಕರಿನ ಅಂಕವನ್ನು ಆ ಸಣ್ಣ ತಂತಿಯೇ ನಿರ್ಣಯಿಸತಕ್ಕದ್ದು.