ಅಜ್ಜನ ಹೆಸರು ಡಿಎನ್‌ಎಯಲ್ಲಿ ಬರೆದಿರುವುದಿಲ್ಲ

1927ರಲ್ಲಿ ಅಮೆರಿಕದಲ್ಲಿ ‘ದಿ ಪ್ರೆಸಿಡೆಂಟ್ಸ್ ಡಾಟರ್’ ಎಂಬ ಪುಸ್ತಕ ಬಂತು. ಬರೆದವರು ಒಹಾಯೊ ರಾಜ್ಯದ ನ್ಯಾನ್ ಬ್ರಿಟನ್. 1921ರಲ್ಲಿ ಅಧ್ಯಕ್ಷರಾಗಿ, 1923ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡ ವಾರನ್ ಹಾರ್ಡಿಂಗ್ ತನ್ನ ಮಗಳ ತಂದೆ ಎಂದು ಅವರು ಅದರಲ್ಲಿ ಹೇಳಿದ್ದರು. ಮಗು ಹುಟ್ಟಿದ್ದು 1919ರಲ್ಲಿ, ಹಾರ್ಡಿಂಗ್ ಇನ್ನೂ ಸೆನೆಟರ್ ಆಗಿದ್ದಾಗ.

ಹಾರ್ಡಿಂಗ್ ದಂಪತಿಗೆ ಮಕ್ಕಳಿರಲಿಲ್ಲ. ಅವರಿಗೆ ಮಕ್ಕಳಾಗುವ ಸಾಧ್ಯತೆಯೇ ಇರಲಿಲ್ಲ ಎಂದು ಅವರ ಪರ ಇದ್ದವರು ವಾದಿಸಿದರು. ನ್ಯಾನ್ ಸುಳ್ಳು ಹೇಳುತ್ತಿದ್ದಾರೆ, ದುಡ್ಡಿಗಾಗಿ ಬರೆದಿದ್ದಾರೆ ಎಂಬ ಮಾತು ಹರಡಿತು. ಅವರನ್ನು ಹಳಿಯಲೆಂದೇ ಇನ್ನೊಂದು ಪುಸ್ತಕ ಬಂತು. ಅದರ ವಿರುದ್ಧ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲೂ ಅವರು ಸೋತರು. 1991ರಲ್ಲಿ ನ್ಯಾನ್ ತೀರಿಕೊಂಡರು, 2005ರಲ್ಲಿ ಮಗಳು. 2015ರ ಆಗಸ್ಟ್‌ನಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ನ್ಯಾನ್ ಹೇಳಿದ್ದು ನಿಜವಾಗಿತ್ತು.

ಹಾರ್ಡಿಂಗ್ ಸತ್ತು 92 ವರ್ಷವಾಗಿತ್ತು. ಅವರ ರಕ್ತವಾಗಲೀ ಕೂದಲಾಗಲೀ ಬಳಸದೆ ಇದನ್ನು ಕಂಡುಹಿಡಿದದ್ದು ಹೇಗೆ?

ನಡುವೆ ಮಗಳಿದ್ದಳು

ನಮಗೆ ಗೊತ್ತಿರುವ ಪಿತೃತ್ವ ಪರೀಕ್ಷೆ ಸರಳ. ಎನ್.ಡಿ. ತಿವಾರಿ ಅವರ ಪ್ರಕರಣ ನೆನಪಿಸಿಕೊಳ್ಳಿ. ಅವರು ಬದುಕಿದ್ದರು, ನ್ಯಾಯಾಲಯದ ಆದೇಶದಂತೆ ರಕ್ತದ ಮಾದರಿ ಕೊಡಬೇಕಾಯಿತು. 2012ರಲ್ಲಿ ವರದಿ ಬಂದಾಗ ರೋಹಿತ್ ಶೇಖರ್ ಅವರ ಮಗನೇ ಎಂಬುದು ಖಚಿತವಾಯಿತು. ಆದರೆ ಹುಡುಕುತ್ತಿರುವುದು ಎಂದೋ ತೀರಿಕೊಂಡ ಅಜ್ಜನನ್ನಾದರೆ ಹೋಲಿಸಲು ಎದುರಿಗೆ ಯಾರೂ ಇರುವುದಿಲ್ಲ.

ಹಾರ್ಡಿಂಗ್ ಪ್ರಕರಣದಲ್ಲಿ ಇನ್ನೊಂದು ತೊಡಕಿತ್ತು. ಪರೀಕ್ಷೆಗೆ ಸಿಕ್ಕಿದ್ದು ನ್ಯಾನ್ ಅವರ ಮೊಮ್ಮಗ, ಅಂದರೆ ಮಗಳ ಮಗ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ದಾಟುತ್ತದೆ. ನಡುವೆ ಮಗಳಿದ್ದುದರಿಂದ ಆ ಎಳೆ ಅಲ್ಲೇ ಕಡಿದುಹೋಗಿತ್ತು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಬರುವುದರಿಂದ ಅದು ತೋರಿಸುವುದು ನ್ಯಾನ್ ಅವರ ಕಡೆಯನ್ನು. ಉಳಿದದ್ದು ಗಂಡು ಹೆಣ್ಣು ಇಬ್ಬರಲ್ಲೂ ಇರುವ 22 ಜೊತೆ ಕ್ರೋಮೋಸೋಮ್‌ಗಳು. ಅಜ್ಜನಿಂದ ಮೊಮ್ಮಗನಿಗೆ ಇವುಗಳಲ್ಲಿ ಸರಾಸರಿ ಕಾಲು ಭಾಗ ಬಂದಿರುತ್ತದೆ.

ಹಾರ್ಡಿಂಗ್ ಅವರ ಒಡಹುಟ್ಟಿದವರ ವಂಶದಲ್ಲೂ ಅದೇ ಡಿಎನ್‌ಎಯ ತುಣುಕುಗಳು ಹರಿದುಬಂದಿದ್ದವು. ಆ ಮನೆತನದ ಇಬ್ಬರು ಪರೀಕ್ಷೆಗೆ ಒಪ್ಪಿದರು. ಹಾರ್ಡಿಂಗ್ ಅವರಿಗೆ ಒಬ್ಬರು ವರಸೆಯಲ್ಲಿ ಮೊಮ್ಮಗ, ಇನ್ನೊಬ್ಬರು ಮೊಮ್ಮಗಳು. ಅಜ್ಜಂದಿರು ಅಣ್ಣತಮ್ಮಂದಿರಾದರೆ ಮೊಮ್ಮಕ್ಕಳ ನಡುವೆ ಸರಾಸರಿ ಶೇ 3ರಷ್ಟು ಡಿಎನ್‌ಎ ಹೊಂದಬೇಕು. ಫಲಿತಾಂಶ ತೋರಿಸಿದ್ದು ಅದೇ ಸಂಬಂಧವನ್ನು.

ಇಲ್ಲೊಂದು ಸೂಕ್ಷ್ಮವಿದೆ. ಇಂಥ ಹೊಂದಾಣಿಕೆಯಿಂದ ಮನೆತನ ಸ್ಪಷ್ಟವಾಗುತ್ತದೆ. ಆ ಮನೆಯ ಅಣ್ಣತಮ್ಮಂದಿರಲ್ಲಿ ಯಾರು ಎಂಬುದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಎಲ್ಲರೂ ತಳ್ಳಿಹಾಕಿದ್ದ ನ್ಯಾನ್ ಅವರ ಪುಸ್ತಕ. ಅವರು ಹೆಸರನ್ನು ಬರೆದಿಟ್ಟಿದ್ದರು, ಡಿಎನ್‌ಎ ಅದಕ್ಕೆ ಸಾಕ್ಷಿ ಹೇಳಿತು.

ನಾಲ್ಕು ಬಣ್ಣದ ಲೆಕ್ಕ

ಹೆಸರೇ ಗೊತ್ತಿಲ್ಲದಿದ್ದರೆ? ಆಗ ಕೆಲಸ ಉದ್ದವಾಗುತ್ತದೆ. ಕಿಟ್‌ನ ಕೊಳವೆಗೆ ಎಂಜಲು ತುಂಬಿ ಕಂಪನಿಗೆ ಕಳಿಸಿದರೆ, ಅದರ ದತ್ತಾಂಶದಲ್ಲಿ ನಿಮ್ಮೊಂದಿಗೆ ಡಿಎನ್‌ಎ ಹೊಂದುವವರ ಪಟ್ಟಿ ಬರುತ್ತದೆ. ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ. ಅದರ ಅಳತೆ ಸೆಂಟಿಮಾರ್ಗನ್. ಅಜ್ಜ–ಮೊಮ್ಮಗನ ನಡುವೆ ಇದು ಸುಮಾರು 1,750 ಇದ್ದರೆ, ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ 870, ಅವರ ಮೊಮ್ಮಕ್ಕಳ ನಡುವೆ ಸರಾಸರಿ 230. ಒಂದೇ ಸಂಖ್ಯೆ ಹಲವು ಸಂಬಂಧಗಳಿಗೆ ಹೊಂದಬಹುದು.

ಮೊದಲ ಹೆಜ್ಜೆ ಕಳೆಯುವ ಲೆಕ್ಕ. ಗೊತ್ತಿರುವ ಅಜ್ಜಿಯ ಕಡೆಯವರನ್ನು ಗುರುತಿಸಿ ಪಕ್ಕಕ್ಕಿಡಬೇಕು. 2018ರಲ್ಲಿ ಡೇನಾ ಲೀಡ್ಸ್ ಎಂಬುವರು ಇದಕ್ಕೊಂದು ಸುಲಭ ದಾರಿ ತೋರಿಸಿದರು. 90ರಿಂದ 400 ಸೆಂಟಿಮಾರ್ಗನ್ ಹೊಂದುವವರನ್ನು ಎಕ್ಸೆಲ್ ಹಾಳೆಯಲ್ಲಿ ಬರೆದು, ತಮ್ಮತಮ್ಮಲ್ಲೂ ಹೊಂದುವವರಿಗೆ ಒಂದೇ ಬಣ್ಣ ಹಚ್ಚುತ್ತಾ ಹೋಗುವುದು. ಸಾಮಾನ್ಯವಾಗಿ ನಾಲ್ಕು ಬಣ್ಣದ ಗುಂಪು ಸಿಗುತ್ತದೆ: ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು. ಮೂರು ಗುಂಪು ಯಾರ ಕಡೆಯವೆಂದು ಗೊತ್ತಾದರೆ, ಉಳಿದದ್ದೇ ಕಾಣದ ಅಜ್ಜನ ಕಡೆ.

ಆ ಗುಂಪಿನ ಪ್ರತಿಯೊಬ್ಬರ ವಂಶವೃಕ್ಷವನ್ನು ಹಿಂದಕ್ಕೆ ಕಟ್ಟುತ್ತಾ ಹೋದರೆ ಎಲ್ಲರಿಗೂ ಸಮಾನವಾದ ಒಂದು ಜೋಡಿ ಸಿಗುತ್ತದೆ. ಅಲ್ಲಿಂದ ಮತ್ತೆ ಕೆಳಗಿಳಿದು, ಆ ಕಾಲದಲ್ಲಿ ಆ ಊರಿನಲ್ಲಿದ್ದ, ವಯಸ್ಸು ಹೊಂದುವ ಗಂಡಸು ಯಾರು ಎಂದು ಹುಡುಕಬೇಕು. ಜನಗಣತಿ, ಜನನ–ಮರಣ ದಾಖಲೆ, ಸೈನ್ಯದ ಕಡತ, ಹಳೆಯ ಪತ್ರಿಕೆ ಎಲ್ಲವೂ ಬೇಕು. ಲ್ಯಾಬ್‌ನ ಕೆಲಸ ಮುಗಿದ ಮೇಲೇ ನಿಜವಾದ ಹುಡುಕಾಟ ಶುರು. ಇದರಲ್ಲಿ ಜೀವವಿಜ್ಞಾನ ಓದಿದವರಷ್ಟೇ ಇತಿಹಾಸ ಓದಿದವರಿಗೂ ಜಾಗವಿದೆ.

ನಮ್ಮಲ್ಲಿ ಲೆಕ್ಕ ಜಾರುತ್ತದೆ

ಈ ದತ್ತಾಂಶಗಳಲ್ಲಿರುವವರು ಹೆಚ್ಚಾಗಿ ಅಮೆರಿಕ, ಯುರೋಪ್ ಮೂಲದವರು. ಇಲ್ಲಿಂದ ದತ್ತು ಹೋಗಿ ವಿದೇಶದಲ್ಲಿ ಬೆಳೆದವರು ಪರೀಕ್ಷೆ ಮಾಡಿಸಿದರೆ ಹತ್ತಿರದವರು ಸಿಗುವುದು ಕಷ್ಟ. ಸಿಕ್ಕರೂ ನಮ್ಮ ಮದುವೆಗಳ ಪದ್ಧತಿ ಲೆಕ್ಕವನ್ನು ಕಲಸುತ್ತದೆ. ಕರ್ನಾಟಕದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದಲ್ಲ. ಅಕ್ಕನ ಮಗಳನ್ನು ಮದುವೆಯಾದರೆ ಹುಟ್ಟುವ ಮಗುವಿಗೆ ತಂದೆಯ ತಂದೆಯೇ ತಾಯಿಯ ಕಡೆಯಿಂದ ಮುತ್ತಜ್ಜ. ತಲೆಮಾರುಗಳಿಂದ ಒಂದೇ ಜಾತಿಯೊಳಗೆ ಮದುವೆ ನಡೆದರೆ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ನಾಲ್ಕು ಬಣ್ಣ ಒಂದರೊಳಗೊಂದು ಬೆರೆತುಹೋಗುತ್ತದೆ. ಅಮೆರಿಕದ ಕೋಷ್ಟಕ ಹಿಡಿದು ನಮ್ಮ ಸಂಬಂಧ ಅಳೆದರೆ ತಪ್ಪು ಮನೆಯ ಬಾಗಿಲು ತಟ್ಟಬೇಕಾದೀತು.

ಒಬ್ಬರ ಎಂಜಲು, ಇಡೀ ಮನೆಯ ಗುಟ್ಟು

ನೀವೊಬ್ಬರೇ ಪರೀಕ್ಷೆ ಮಾಡಿಸಿದರೂ ಅದು ನಿಮ್ಮೊಬ್ಬರ ವಿಷಯವಾಗಿ ಉಳಿಯುವುದಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ದಶಕಗಳ ಹಿಂದಿನ ಸರಣಿ ಹಂತಕನನ್ನು ಪತ್ತೆ ಮಾಡಿದ್ದು ಅವನ ದೂರದ ಸಂಬಂಧಿಕರ ಡಿಎನ್‌ಎಯಿಂದ. ಅಲ್ಲಿ ನ್ಯಾಯ ಸಿಕ್ಕಿತು, ಸರಿ. ಆದರೆ 2023ರಲ್ಲಿ ‘23 ಆ್ಯಂಡ್ ಮಿ’ ಕಂಪನಿಯ ಸುಮಾರು 14 ಸಾವಿರ ಖಾತೆಗಳಿಗೆ ನುಗ್ಗಿದ ಹ್ಯಾಕರ್‌ಗಳಿಗೆ, ಸಂಬಂಧಿಕರನ್ನು ತೋರಿಸುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಸಿಕ್ಕಿತು. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಇಷ್ಟು ಜನರ ಡಿಎನ್‌ಎ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಎದ್ದಿತು.

ಇನ್ನೊಂದು ನೋವೂ ಇದೆ. ಕಾಣದ ಅಜ್ಜ ಸಿಕ್ಕರೆ, ಅವರಿಗೆ ಬೇರೆ ಹೆಂಡತಿ ಮಕ್ಕಳು ಇದ್ದಿರಬಹುದು. ಅಪ್ಪನನ್ನು ದೇವರೆಂದುಕೊಂಡ ವೃದ್ಧೆಯೊಬ್ಬರಿಗೆ ಅಪರಿಚಿತರೊಬ್ಬರು ಫೋನ್ ಮಾಡಿ ‘ನಾನು ನಿಮ್ಮ ತಮ್ಮನ ಮಗ’ ಎಂದರೆ ಹೇಗಿರುತ್ತದೆ? ತನ್ನ ಮೂಲ ತಿಳಿಯುವ ಆಸೆ ನ್ಯಾಯವಾದದ್ದು. ಏನೂ ಕೇಳದವರ ನೆಮ್ಮದಿಯೂ ಅಷ್ಟೇ ನ್ಯಾಯವಾದದ್ದು. ಹಾಗಾಗಿ ಮೊದಲು ಒಂದು ಪತ್ರ, ಆಮೇಲೆ ಕಾಯುವುದು, ಬೇಡವೆಂದರೆ ಅಲ್ಲಿಗೆ ನಿಲ್ಲಿಸುವುದು.

ನ್ಯಾನ್ ಬ್ರಿಟನ್ ಅವರ ಮಾತನ್ನು ಹಾರ್ಡಿಂಗ್ ಮನೆತನ ಎಂಟು ದಶಕಕ್ಕೂ ಹೆಚ್ಚು ಕಾಲ ನಂಬಲಿಲ್ಲ. ಕೊನೆಗೆ ಅದು ನಿಜವೆಂದು ತೋರಿಸಿಕೊಟ್ಟವರಲ್ಲಿ ಅದೇ ಮನೆತನದ ಇಬ್ಬರಿದ್ದರು. ಯಂತ್ರ, ದತ್ತಾಂಶ ಎಲ್ಲ ಇದ್ದರೂ ಆ ಇಬ್ಬರು ಒಪ್ಪದೇ ಹೋಗಿದ್ದರೆ ಮೊಮ್ಮಗನಿಗೆ ಅಂದು ಉತ್ತರ ಸಿಗುತ್ತಿರಲಿಲ್ಲ.